ಹಳೇದು ಮುಗಿಯಲಿ

ನಮ್ಮ ಹೊಲಿಗೆ ಅಂಗಡಿಯಲ್ಲಿ ಮೆಷಿನ್ ನನ್ನದು, ಕೈಕೆಲಸ ಅಕ್ಕನದು. ಕೋಟಿನ ಕಾಜಗಳನ್ನು ಅವಳು ಸೂಜಿಯಲ್ಲೇ ಹೆಣೆಯುತ್ತಿದ್ದಳು. ಗುಂಡಿ ಕಿತ್ತುಬಂದರೂ ಕಾಜ ಹರಿಯದು. "ಮೆಷಿನ್ ಕಾಜ ಹಾಕೋ ಬದಲು ಅಂಗಡಿ ಮುಚ್ಚು" ಅನ್ನುವುದು ಅವಳ ಮಾತು. ನನ್ನದೂ ಒಂದು ನಿಯಮವಿದೆ: ಹಳೇ ದಾರದ ರೀಲು ಮುಗಿಯುವ ತನಕ ಅದೇ ಬಣ್ಣದ ಹೊಸದನ್ನು ಬಿಚ್ಚಕೂಡದು. ಅಕ್ಕ ಬಿಚ್ಚಿದಾಗಲೆಲ್ಲ ಸೂರು ಹಾರಿಹೋಗುವ ಹಾಗೆ ಕೂಗಾಡಿದ್ದೇನೆ.

ಅವಳ ಥೈರಾಯ್ಡ್ ಗ್ರಂಥಿಯನ್ನು ಆಪರೇಷನ್ ಮಾಡಿ ಪೂರ್ತಿ ತೆಗೆದರು. ಅದು ಮಾಡುತ್ತಿದ್ದ ಕೆಲಸವನ್ನು ಇನ್ನು ಜೀವನಪೂರ್ತಿ ಮಾತ್ರೆ ಮಾಡಬೇಕು. ಕುತ್ತಿಗೆಯ ಗಾಯವೇನೋ ಬೇಗ ವಾಸಿಯಾಯಿತು. ಎರಡನೆಯ ತಿಂಗಳಿಗೆ ಕೈ ನಡುಗತೊಡಗಿತು. ಎದೆ ಡವಡವ, ಕೂತಲ್ಲೇ ಬೆವರು. ಸೂಜಿಗೆ ದಾರ ಪೋಣಿಸಲು ಹತ್ತು ಸಲ ತಿಣುಕುತ್ತಿದ್ದಳು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆ ಹೆಚ್ಚಾಗಿದೆ ಎಂದು ನೂರಿಪ್ಪತ್ತೈದು ಮೈಕ್ರೋಗ್ರಾಂನಿಂದ ನೂರಕ್ಕೆ ಇಳಿಸಿದರು.

"ಆರು ವಾರ ಬಿಟ್ಟು ಮತ್ತೆ ನೋಡೋಣ. ಅವಸರ ಮಾಡಿದ್ರೆ ಆಗಲ್ಲ," ಎಂದರು.

ನಾನು ಅವಳ ಬೆರಳುಗಳನ್ನೇ ಕದ್ದು ನೋಡುತ್ತ ದಿನ ತಳ್ಳಿದೆ. ನಡುಕ ಹಾಗೇ ಇತ್ತು. ಐದನೆಯ ವಾರ ಅಕ್ಕ ಒಂದು ಕೋಟನ್ನು ನನ್ನ ಕಡೆ ತಳ್ಳಿದಳು.

"ಕಾಜ ನೀನೇ ಮೆಷಿನ್‌ನಲ್ಲಿ ಹಾಕ್ಬಿಡು. ನನ್ನ ಕೈ ಹೋಯ್ತು ಕಣೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಮೆಲ್ಲಗೆ ಹೇಳಿದಳು. ಕಾಜ ಹಾಕಿದೆ.

ಆರು ವಾರದ ರಿಪೋರ್ಟ್ ನೋಡಿ ಡಾಕ್ಟರು ಹುಬ್ಬು ಗಂಟಿಕ್ಕಿದರು.

"ಸ್ವಲ್ಪಾನೂ ಬದಲಾಗಿಲ್ವಲ್ಲಮ್ಮ. ಬೆಳಿಗ್ಗೆ ಖಾಲಿ ಹೊಟ್ಟೇಲೇ ತಾನೇ ತಗೊಳ್ಳೋದು?"

"ಒಂದಿನಾನೂ ತಪ್ಪಿಸಿಲ್ಲ ಡಾಕ್ಟ್ರೇ."

"ಹಾಗಿದ್ರೆ ಇನ್ನೂ ಇಳಿಸ್ಬೇಕಾಗತ್ತೆ," ಎಂದು ಪೆನ್ನು ತೆಗೆದರು. ಏನನ್ನಿಸಿತೋ, "ಎಲ್ಲಿ, ಡಬ್ಬಿ ತಂದಿದೀರಾ?" ಎಂದರು.

ಅಕ್ಕ ಚೀಲದಿಂದ ತೆಗೆದಿಟ್ಟ ನೂರರ ಡಬ್ಬಿಯ ಸೀಲು ಹಾಗೇ ಇತ್ತು.

"ಇದನ್ನ ತೆರೆದೇ ಇಲ್ವಲ್ಲಮ್ಮ!"

"ಹಳೇ ಡಬ್ಬೀಲಿ ಇನ್ನೂ ನಾಲ್ಕು ಉಳಿದಿದೆ," ಎಂದಳು ಅಕ್ಕ. "ಅದು ಮುಗೀದೆ ಹೊಸದನ್ನ ಹೇಗೆ ಬಿಚ್ಚೋದು?" ಸಾಕ್ಷಿ ಹೇಳು ಎನ್ನುವಂತೆ ನನ್ನತ್ತ ತಿರುಗಿದಳು.

ಮೂವತ್ತು ವರ್ಷ ಕೂಗಿದರೂ ಕೇಳದವಳು ಈ ಒಂದು ಸಲ ನನ್ನ ಮಾತನ್ನು ಚಾಚೂ ತಪ್ಪದೆ ನಡೆಸಿದ್ದಳು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದ್ದು ನಾನು, ಉಂಡದ್ದು ಅವಳು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಸದ್ಯ, ಇನ್ನೂ ಇಳಿಸಿಬಿಡ್ತಿದ್ದೆ. ಆ ನಾಲ್ಕನ್ನ ಇಲ್ಲಿಗೆ ತಂದು ಕೊಡಿ. ನಾಳೆಯಿಂದ ಹೊಸದು. ನೂರು ಸರಿಹೋಗತ್ತೋ ಇಲ್ವೋ ಈಗ ನೋಡೋಣ."

ನಡುಕ ಒಂದೇ ದಿನಕ್ಕೆ ನಿಲ್ಲಲಿಲ್ಲ. ಮೊದಲು ಬೆವರು ಕಡಿಮೆಯಾಯಿತು, ಆಮೇಲೆ ನಿದ್ದೆ ಬಂತು. ಐದನೆಯ ವಾರದ ಒಂದು ಬೆಳಿಗ್ಗೆ ನಾನು ಅಂಗಡಿಗೆ ಹೋದಾಗ, ಗಿರಾಕಿ ಇನ್ನೂ ಒಯ್ಯದಿದ್ದ ಆ ಕೋಟು ಅಕ್ಕನ ತೊಡೆಯ ಮೇಲಿತ್ತು. ನನ್ನ ಮೆಷಿನ್ ಹೊಲಿಗೆಯನ್ನು ಪೂರ್ತಿ ಬಿಚ್ಚಿ ಹಾಕಿದ್ದಳು. ಪಕ್ಕದಲ್ಲಿ ಅರ್ಧ ಉಳಿದ ಕಪ್ಪು ರೀಲು, ಅದರ ಪಕ್ಕದಲ್ಲೇ ಹೊಸದಾಗಿ ಬಿಚ್ಚಿದ ಇನ್ನೊಂದು ಕಪ್ಪು ರೀಲು. ನಾನು ಹೊಸ ರೀಲನ್ನೇ ಅವಳ ಕೈಗೆ ಹತ್ತಿರ ಸರಿಸಿದೆ. ಅವಳು ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿದಳು.

"ಇದೇನೇ ಇದು ಕಾಜಾನಾ? ಇಲಿ ಕಡಿದ ಹಾಗಿತ್ತು! ಯಾವ ಮುಖ ಇಟ್ಕೊಂಡು ಗಿರಾಕಿಗೆ ಕೊಡ್ತಿದ್ದೆ?"

ನನ್ನ ಕಣ್ಣು ತುಂಬಿ ಬಂತು. ಇನ್ನೂ ಸ್ವಲ್ಪ ಬೈಯಲಿ ಎಂದು ಅಲ್ಲೇ ನಿಂತೆ.