ಅಳಿಯನಿಗೆ ಇಲ್ಲ ಎನ್ನಬಾರದ ಮನೆಯಲ್ಲಿ

ನನ್ನ ಹೊರಪೆಟ್ಟಿಗೆಗೆ ಒಂಬೈನೂರು ರೂಪಾಯಿ. ಒಳಗಿನ ಬೋರ್ಡು, ಡಿಸ್ಕು, ಫ್ಯಾನು ಎಲ್ಲ ಸೇರಿ ಹದಿನಾಲ್ಕು ಸಾವಿರ. ನನ್ನನ್ನು ನಡೆಸುವ ಲಿನಕ್ಸ್ ಪುಕ್ಕಟೆ. ನನ್ನೊಳಗೆ ಸಾವಕ್ಕ ತುಂಬಿದ ಆರು ವರ್ಷಕ್ಕೆ ಯಾರೂ ಬೆಲೆ ಕಟ್ಟಲಿಲ್ಲ. ಕಟ್ಟಿದ್ದರೆ ನನ್ನನ್ನು ಮುಟ್ಟುವವರಿಗೆ ಒಂದಿಷ್ಟು ಹೆದರಿಕೆಯಾದರೂ ಇರುತ್ತಿತ್ತು.

ನಾನು ಒಂದು ಕಂಪ್ಯೂಟರ್. ಹುಬ್ಬಳ್ಳಿಯ ಅಂಗಡಿಯೊಂದರ ಅಟ್ಟದ ಮೇಲೆ ಒಂದೇ ಮಧ್ಯಾಹ್ನದಲ್ಲಿ ನನ್ನನ್ನು ಜೋಡಿಸಿದರು. ನಾಲ್ಕು ವರ್ಷ ಒಂದು ಕಾಲೇಜಿನ ಲ್ಯಾಬಿನಲ್ಲಿದ್ದೆ. ಅಲ್ಲಿಂದ ಅರ್ಧ ಬೆಲೆಗೆ ಗುಳೇದಗುಡ್ಡಕ್ಕೆ, ರವಿಕೆಯ ಖಣ ನೇಯುವ ರಾಚಪ್ಪನ ಕಾರ್ಖಾನೆಗೆ ಬಂದೆ. ನನ್ನನ್ನು ಮೇಜಿನ ಕೆಳಗೆ ಇಟ್ಟರು. ಅಂದಿನಿಂದ ಜನ ನನಗೆ ಪಾದಗಳಿಂದಲೇ ಗುರುತು. ರಾಚಪ್ಪನ ಕಾಲಲ್ಲಿ ಕಿರ್ರೆನ್ನುವ ಚರ್ಮದ ಮೆಟ್ಟು. ನಕ್ಷೆ ಬರೆಯುವ ಸಾವಕ್ಕನದು ಬರಿಗಾಲು, ಹಿಮ್ಮಡಿ ಒಡೆದದ್ದು. ಚಳಿಗಾಲದಲ್ಲಿ ನನ್ನ ಫ್ಯಾನಿನ ಬಿಸಿಗಾಳಿಗೆ ಆ ಹಿಮ್ಮಡಿಯನ್ನು ಒಡ್ಡಿ ಕೂರುತ್ತಿದ್ದಳು.

ಸಾವಕ್ಕನ ಅಪ್ಪ ನೇಕಾರನಾಗಿದ್ದ. ಖಣದ ಹೂವು, ಬಳ್ಳಿ, ಹಕ್ಕಿಗಳನ್ನು ಚೌಕುಳಿ ಕಾಗದದ ಮೇಲೆ ಎಳೆ ಎಣಿಸಿ ಬರೆದಿಟ್ಟು ಸತ್ತಿದ್ದ. ಒಟ್ಟು ಇನ್ನೂರಿಪ್ಪತ್ತು ನಕ್ಷೆ. ಕಾಗದಕ್ಕೆ ಗೆದ್ದಲು ಹಿಡಿದಿತ್ತು. ಅವನ್ನು ಚೌಕ ಚೌಕವಾಗಿ ನನ್ನೊಳಗೆ ಇಳಿಸುವುದು ಅವಳ ಕೆಲಸ. ರಾಚಪ್ಪ ಮಾತು ಕೊಟ್ಟಿದ್ದ: "ಎಲ್ಲಾ ಮುಗಸು ಸಾವಕ್ಕಾ. ಎರಡು ಮಗ್ಗ ನಿನ್ನ ಮನಿಗೆ ಕಳಸ್ತೀನಿ. ಆಮ್ಯಾಲ ನೀನೂ ಒಬ್ಬಾಕಿ ಸಾವ್ಕಾರ್ತಿ." ಆ ಎರಡು ಮಗ್ಗಕ್ಕಾಗಿ ಅವಳು ಆರು ವರ್ಷ ಕಣ್ಣು ಸವೆಸಿದಳು.

ಇಳಿಸಿದ ಕಾಗದಗಳನ್ನು ರಾಚಪ್ಪ ಬಣ್ಣದ ಹಂಡೆಯ ಒಲೆಗೆ ಹಾಕಿಸಿದ. "ಡಬ್ಬಿ ಒಳಗ ಬಂತಲ್ಲ, ಮತ್ತ ಆ ಕಸ ಯಾಕ?" ಎಂದ. ನಕ್ಷೆಗಳ ಇನ್ನೊಂದು ಪ್ರತಿ ತೆಗೆದಿಟ್ಟ ಸಣ್ಣ ಡಿಸ್ಕನ್ನು ಮನೆಗೆ ಒಯ್ಯುತ್ತೇನೆಂದು ಅವಳು ಕೇಳಿದಳು. "ನಕ್ಷಿ ಹೊಸ್ತಿಲ ದಾಟಂಗಿಲ್ಲ" ಎಂದ. ಹಾಗಾಗಿ ಪ್ರತಿಯೂ ಹಗಲಿರುಳು ನನಗೇ ಸಿಕ್ಕಿಸಿಕೊಂಡು ಕೂತಿತು.

ನನ್ನ ಸ್ವಭಾವ ಹೇಳಿಬಿಡುತ್ತೇನೆ. ಅವರವರ ಹೆಸರಿನಿಂದ ಬಂದವರು ಅವರವರ ಸಾಮಾನು ಮುಟ್ಟಬಹುದು, ಇನ್ನೊಬ್ಬರದಕ್ಕೆ ಕೈ ಹಾಕಿದರೆ ತಡೆಯುತ್ತೇನೆ. ರೂಟ್ ಎಂಬ ಹೆಸರಿನಿಂದ ಬಂದವರು ಮಾತ್ರ ನನ್ನ ಯಜಮಾನರು. ಅವರು ಕುತ್ತಿಗೆ ಕೊಯ್ದುಕೋ ಎಂದರೂ ಕೊಯ್ದುಕೊಳ್ಳುತ್ತೇನೆ. ಇದನ್ನು ನನ್ನನ್ನು ತಂದು ಕೂರಿಸಿದ ಕಾಲೇಜು ಲ್ಯಾಬಿನವನಿಂದ ಕಲಿತಿದ್ದ ಸಾವಕ್ಕ ಒಂದು ದಿನವೂ ರೂಟ್ ಆಗಿ ಕೂತು ನಕ್ಷೆ ಬರೆಯಲಿಲ್ಲ. ನನ್ನನ್ನೇ ರಿಪೇರಿ ಮಾಡುವ ಕೆಲಸ ಬಿದ್ದಾಗ ಆ ಒಂದು ಆಜ್ಞೆಯ ಮುಂದೆ ಸುಡೊ ಎಂದು ಬರೆದು, ತನ್ನ ಗುಪ್ತಪದ ಕೊಟ್ಟು ಅಷ್ಟಕ್ಕೇ ಅಧಿಕಾರ ಪಡೆಯುತ್ತಿದ್ದಳು. ಎಂಟರ್ ಒತ್ತುವ ಮೊದಲು ಸಾಲನ್ನು ಎರಡು ಸಲ ಬಾಯಿಬಿಟ್ಟು ಓದುತ್ತಿದ್ದಳು.

ಇನ್ನೂರ ಹನ್ನೆರಡನೆಯ ನಕ್ಷೆ ಮುಗಿದ ವಾರ ಹೊಸ ಪಾದಗಳು ಬಂದವು. ಬಿಳಿ ಬೂಟು. ರಾಚಪ್ಪನ ಅಳಿಯ ಮುರಿಗೆಪ್ಪ, ನಲವತ್ತು ದಾಟಿದವನು, ಸೈಕಲ್ ಅಂಗಡಿ ಮುಚ್ಚಿ ಮಾವನ ಕಾರ್ಖಾನೆ ನೋಡಿಕೊಳ್ಳಲು ಬಂದಿದ್ದ. ಲಿನಕ್ಸ್ ಮುಟ್ಟಿದವನಲ್ಲ. ಸಾವಕ್ಕ ಅವನ ಹೆಸರಿನಲ್ಲಿ ಬೇರೆ ಖಾತೆ ತೆರೆದುಕೊಟ್ಟಳು. ಅವನು ಎಲ್ಲೆಲ್ಲೋ ಕೈ ಹಾಕಿದ. ಅನುಮತಿ ಇಲ್ಲ ಎಂದೆ. ಮತ್ತೆ ಹಾಕಿದ, ಮತ್ತೆ ಅಂದೆ.

"ಮಾವಾರ, ನಿಮ್ಮ ಡಬ್ಬಿ ನನಗ ಅನುಮತಿ ಇಲ್ಲ ಅಂತೈತ್ರಿ" ಎಂದು ನಕ್ಕ. ಆ ನಗುವಿಗೆ ಚರ್ಮದ ಮೆಟ್ಟು ಗಕ್ಕನೆ ನಿಂತಿತು. ಆ ಮನೆಯಲ್ಲಿ ಅಳಿಯ ಉಂಡೇಳುವ ತನಕ ಯಾರೂ ಎಲೆ ಬಿಡುವವರಲ್ಲ. ಅವನು ಕೇಳಿದ್ದಕ್ಕೆ ಇಲ್ಲ ಎಂಬ ಮಾತೇ ಇರಲಿಲ್ಲ.

"ಏ ಸಾವಕ್ಕಾ, ನಮ್ಮ ಮನ್ಯಾಗ ಅಳ್ಯಾರಿಗೆ ನಾನ ಇಲ್ಲ ಅನ್ನಂಗಿಲ್ಲ. ಈ ಡಬ್ಬಿ ಏನು ದೊಡ್ಡ ಗೌಡಾ?"

"ಸಾವ್ಕಾರ್ರ, ಅದು ಅವಮಾನ ಅಲ್ರಿ. ಕೈ ತಪ್ಪಿದ್ರ ನಕ್ಷಿ ಉಳೀಲಿ ಅಂತ ಹಾಕಿದ ಅಗಳಿ ಐತ್ರಿ. ಹೊಸಬ್ರಿಗೆ..."

"ಹೊಸಬ್ರು ಯಾರು? ಅಳ್ಯಾರಾ? ಕೊಡು ಎಲ್ಲಾ ಕೀಲಿ."

ಬರಿಗಾಲಿನ ಹೆಬ್ಬೆರಳು ನೆಲವನ್ನು ಒತ್ತಿ ಹಿಡಿಯಿತು. ಆಮೇಲೆ ಅವಳು ರೂಟಿನ ಗುಪ್ತಪದವನ್ನು ಚೀಟಿಯಲ್ಲಿ ಬರೆದುಕೊಟ್ಟಳು. ಮುರಿಗೆಪ್ಪ ಅದನ್ನು ನನ್ನ ಹಣೆಗೇ ಗೋಂದು ಹಚ್ಚಿ ಅಂಟಿಸಿದ. ಅಂದಿನಿಂದ ಸಿನಿಮಾ ನೋಡುವುದಕ್ಕೂ ರೂಟ್ ಆಗಿಯೇ ಬಂದ.

ಅಮಾವಾಸ್ಯೆಗೆ ನಮ್ಮ ಕಾರ್ಖಾನೆಯಲ್ಲಿ ಮಗ್ಗ ಆಡುವುದಿಲ್ಲ. ಸಂದುಗೊಂದಿನಲ್ಲಿ ಕೂತ ನೂಲಿನ ಜುಂಗನ್ನೆಲ್ಲ ಕೆರೆದು ತೆಗೆದು ಪೂಜೆ ಮಾಡುತ್ತಾರೆ. ಆ ಅಮಾವಾಸ್ಯೆಗೆ ಸಾವಕ್ಕ ಮನೆಯಲ್ಲಿದ್ದಳು. "ಮಗ್ಗದ ಜುಂಗು ತಗದ್ರಿ, ಇದರದು ಯಾರು ತಗೀಬೇಕು?" ಎನ್ನುತ್ತ ಮುರಿಗೆಪ್ಪ ನನ್ನ ಮುಂದೆ ಕೂತ. ಅವನ ಮದುವೆಯ ವಿಡಿಯೊ ತುಂಬಲು ಜಾಗ ಬೇಕಿತ್ತು.

ಸಾವಕ್ಕ ನಕ್ಷೆಗಳಿಗೆ ಹೂವಿನ ಹೆಸರು ಇಟ್ಟಿರಲಿಲ್ಲ. ಅಪ್ಪ ಎಣಿಸುತ್ತಿದ್ದಂತೆ ಎಳೆಗಳ ಲೆಕ್ಕವನ್ನೇ ಹೆಸರಾಗಿಟ್ಟಿದ್ದಳು. ಮುರಿಗೆಪ್ಪನಿಗೆ ಕಂಡದ್ದು ಬರೀ ಅಂಕಿ. "ಇದೆಲ್ಲಾ ಜುಂಗ" ಎಂದ. ಮೊಬೈಲಿನಲ್ಲಿ ಯಾರೋ ತೋರಿಸಿದ ಆಜ್ಞೆಯನ್ನು ನೋಡಿ ನೋಡಿ ಬರೆದ. ಒಳಗಿನದೆಲ್ಲ ಸೇರಿಸಿ, ಏನೂ ಕೇಳದೆ ಅಳಿಸಿಬಿಡು ಎಂಬ ಆಜ್ಞೆ. ಅವನ ಹೆಸರಿನಿಂದ ಬಂದಿದ್ದರೆ ತಡೆಯುತ್ತಿದ್ದೆ. ಬಂದವನು ರೂಟ್. ಆರು ವರ್ಷ ಹೋಗಲು ನನಗೆ ಮೂರು ಸೆಕೆಂಡೂ ಬೇಕಾಗಲಿಲ್ಲ. ಪಕ್ಕದ ಸಣ್ಣ ಡಿಸ್ಕಿನಲ್ಲೂ ಅವೇ ಅಂಕಿ ಕಂಡು, "ಇಲ್ಲೂ ಐತಲ್ಲೋ!" ಎಂದು ಅದನ್ನೂ ಅಳಿಸಿದ. ಎರಡರಲ್ಲೂ ವಿಡಿಯೊ ತುಂಬಿದ. ಆಮೇಲೆ ನನಗೆ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿದ.

ಮರುದಿನ ಬರಿಗಾಲು ಬಂತು. ಸಂಜೆಯವರೆಗೂ ಅವಳು ಒಂದೊಂದೇ ಅಂಕಿ ಬರೆದು ಹುಡುಕಿದಳು.

ಬಾಗಲಕೋಟೆಯಿಂದ ಕರೆಸಿದ ರಿಪೇರಿಯವನು ನೋಡಿ ಕೈ ಝಾಡಿಸಿದ. "ಅಳಿಸಿದ ಕೂಡ್ಲೇ ಬಂದ್ ಮಾಡಿದ್ರ ಒಂದೀಟು ಸಿಗ್ತಿತ್ತೇನೋ. ಇದರ ಮ್ಯಾಲ ಮದುವಿ ಊಟ ಬಡಿಸೀರಿ" ಎಂದ.

ರಾಚಪ್ಪ ತಿರುಗಿದ್ದು ಅಳಿಯನ ಕಡೆಗಲ್ಲ. "ಕೀಲಿ ಕೊಟ್ಟಾಕಿ ಯಾರು?"

"ನೀವ ಕೊಡು ಅಂದ್ರಿ, ಸಾವ್ಕಾರ್ರ."

"ನಾ ಬಾವ್ಯಾಗ ಬೀಳು ಅಂದ್ರ ಬೀಳ್ತಿದ್ದೇನು? ನಕ್ಷಿ ಇಲ್ಲ, ಮಗ್ಗಾನೂ ಇಲ್ಲ. ನಾಳಿಂದ ಬರಬ್ಯಾಡ."

"ಉಳಿದ ಎಂಟು ಕಾಗದನರ ಕೊಡ್ರಿ. ಅಪ್ಪನ ಕೈಯಾಗಿನ್ವು."

"ಅವು ಕಾರ್ಖಾನಿವು" ಎಂದ. ಮುರಿಗೆಪ್ಪ ಬೂಟಿನ ತುದಿಯನ್ನು ನೋಡುತ್ತ ನಿಂತಿದ್ದ.

ಈಗ ನಾನು ಬಣ್ಣದ ಕೋಣೆಯ ಮೂಲೆಯಲ್ಲಿದ್ದೇನೆ. ನನ್ನ ತಲೆಯ ಮೇಲೆ ನೂಲಿನ ಉಂಡೆಗಳನ್ನು ಪೇರಿಸಿದ್ದಾರೆ. ಹಣೆಯ ಚೀಟಿ ಹಾಗೇ ಇದೆ, ಅಕ್ಷರ ಮಾಸಿವೆ. ಒಂದು ಮಾತು ನನಗೆ ಚುಚ್ಚುತ್ತದೆ: ಅವಳು ಮಾಡಿದ್ದೆಲ್ಲ ಸರಿಯಿತ್ತು. ಬೇರೆ ಖಾತೆ, ಎರಡು ಸಲ ಓದುವುದು, ಪ್ರತಿ ತೆಗೆಯುವುದು. ಅಗಳಿ ಗಟ್ಟಿಯೇ ಇತ್ತು. ತೆಗೆ ಎಂದು ಹೇಳುವವನಿಗೆ ಎದುರು ನಿಲ್ಲುವ ಅನುಕೂಲ ಅವಳಿಗಿರಲಿಲ್ಲ, ನನಗೂ ಇರಲಿಲ್ಲ.

ನೂಲು ಒಯ್ಯಲು ಬರುವ ಹೆಂಗಸರು ಮಾತಾಡಿಕೊಳ್ಳುತ್ತಾರೆ. ಸಾವಕ್ಕ ನೆನಪಿನಿಂದ ಮತ್ತೆ ಬರೆಯಲು ಕೂತಳಂತೆ, ಮೂವತ್ತೊಂದು ನಕ್ಷೆಗೆ ನಿಂತಿತಂತೆ. ಮುರಿಗೆಪ್ಪ ಬಜಾರಿನಲ್ಲಿ ಕಂಪ್ಯೂಟರ್ ಕ್ಲಾಸು ತೆರೆದಿದ್ದಾನಂತೆ. ರೂಟ್ ಆಗಿ ಕೂರಬೇಡಿ, ಸುಡೊ ಬರೆಯುವ ಮುನ್ನ ಸಾಲನ್ನು ಎರಡು ಸಲ ಓದಿ, ಪ್ರತಿಯನ್ನು ಬಿಚ್ಚಿ ಬೇರೆ ಕಡೆ ಇಡಿ ಎಂದು ಮೊದಲ ದಿನವೇ ಕಲಿಸುತ್ತಾನಂತೆ. ಯಾರಿಂದ ಕಲಿತೆ ಎಂದು ಹೇಳುವುದಿಲ್ಲವಂತೆ.

ಸಾವಕ್ಕನಿಗೆ ನೂರ ಎಂಬತ್ತೊಂದು ನಕ್ಷೆ ಹೋದವು, ಅಪ್ಪನ ಎಂಟು ಕಾಗದ ಹೋದವು, ಎರಡು ಮಗ್ಗ ಹೋದವು. ಮುರಿಗೆಪ್ಪನಿಗೆ ಒಂದು ಕಸುಬು ಸಿಕ್ಕಿತು.