ಉಪ್ಪುಗಟ್ಟಿದ ಅಂಗಿ

ವಾಕ್ಯದ ನಡುವೆ ಸೊಲಾಂಜ್‌ಳ ನಾಲಿಗೆ ನಿಂತುಬಿಟ್ಟಿತು. ಪ್ರೂಫ್ ಹಾಳೆಗಳನ್ನು ಹಿಡಿದು ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಒಲೆಗೆ ಓಡಾಡುತ್ತ ಗಟ್ಟಿಯಾಗಿ ಓದುವುದು ಅವಳ ಹಳೆಯ ಚಾಳಿ. ಕಣ್ಣು ಕ್ಷಮಿಸಿದ್ದನ್ನು ಕಿವಿ ಕ್ಷಮಿಸುವುದಿಲ್ಲ ಎಂದು ಅವಳ ನಂಬಿಕೆ. ಇಷ್ಟು ವರ್ಷ ಇಟಲಿಯ ಲೇಖಕರನ್ನು ಫ್ರೆಂಚಿಗೆ ತಂದದ್ದೂ ಹೀಗೆ ಓಡಾಡಿಕೊಂಡೇ. ಈ ಸಲ ಕೈಯಲ್ಲಿದ್ದದ್ದು ಮಾತ್ರ ಅವಳದೇ ಕಾದಂಬರಿ, ಅಮ್ಮನ ಕಥೆ, ಮೊಟ್ಟಮೊದಲನೆಯದು. ಸಂಜೆಯೊಳಗೆ ತಿದ್ದುಪಡಿ ತಿಳಿಸಿದರೆ ಪ್ಯಾರಿಸ್ಸಿನಲ್ಲಿ ಅಚ್ಚಿಗೆ ಹೋಗುತ್ತಿತ್ತು.

ಕಾದಂಬರಿಯಲ್ಲಿ, ಅಪ್ಪನ ಹೆಣ ದಡಕ್ಕೆ ಬಂದ ದಿನ ಅಮ್ಮ ಅವನ ಅಂಗಿಯನ್ನು ಬಂದರಿನ ಕಲ್ಲಿನ ಮೇಲೆ ಸಮುದ್ರದ ನೀರಿನಲ್ಲೇ ಒಗೆದು ಹರವಿ, ತೋಳುಗಳಲ್ಲಿ ಉಪ್ಪು ಗಟ್ಟುವವರೆಗೆ ಎದುರಿಗೇ ಕೂತಿದ್ದಳು. ಅದನ್ನು ಓದುವಾಗ ಮುಂದಿನ ಮಾತು ಬಾಯಿಗೆ ಇಟಾಲಿಯನ್‌ನಲ್ಲಿ ಬಂತು. ತಡವರಿಸದೆ, ಲಯ ಕೆಡದೆ ಬಂತು. ಫ್ರಾನ್ಸಿನ ಕಡಲತೀರದ ಸೇತ್ ಊರಿನ ಮೀನುಪೇಟೆ ಬಿಟ್ಟು ಆಚೆ ಹೋಗದ ಅಮ್ಮನಿಗೆ ಇಟಾಲಿಯನ್ನಿನ ಗಂಧವೂ ಇರಲಿಲ್ಲ.

ಕಪಾಟಿನ ಮೇಲಿನ ಸಾಲಿನಿಂದ ಅವಳು ಒಂದು ಪುಸ್ತಕ ಎಳೆದಳು. ತೀರಿಹೋದ ಸಾರ್ಡಿನಿಯಾದ ಲೇಖಕಿಯೊಬ್ಬಳದು. ವಯಸ್ಸಿನಲ್ಲಿದ್ದಾಗ ಸೊಲಾಂಜ್ ತಾನೇ ಅನುವಾದಿಸಿದ್ದು. ಹೆಚ್ಚು ಹುಡುಕಬೇಕಾಗಲಿಲ್ಲ. ಅಂಗಿ, ಕಲ್ಲು, ಉಪ್ಪು, ಎಲ್ಲ ಅಲ್ಲೇ ಇತ್ತು. ಕದಿಯಬೇಕೆಂದು ಕದ್ದದ್ದಲ್ಲ. ಬೇರೆ ಯಾರದೋ ಅಮ್ಮ ಇಷ್ಟು ವರ್ಷ ಅವಳೊಳಗೆ ಬಾಡಿಗೆಗಿದ್ದು ಕೊನೆಗೆ ಮನೆಯೇ ತನ್ನದೆಂದುಬಿಟ್ಟಿದ್ದಳು. ಸೊಲಾಂಜ್‌ಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆದರಿಕೆ ಹೆಚ್ಚು. ಇದನ್ನು ತೆಗೆದರೆ ಆ ದಿನದ್ದೆಂದು ಅವಳಲ್ಲಿ ಏನೂ ಉಳಿಯುತ್ತಿರಲಿಲ್ಲ.

ಸಂಪಾದಕ ಬೆರ್ತ್ರಾಂಗೆ ಫೋನು ಮಾಡಿ ವಿಷಯ ಹೇಳಿದಳು.

"ಅಯ್ಯೋ ಮೇಡಂ, ಹೋಗೀ ಹೋಗೀ ಅದನ್ನೇ ತೆಗೀತೀನಿ ಅಂತೀರಲ್ಲ! ಎಲ್ರೂ ಮೆಚ್ಚಿಕೊಂಡಿರೋದೇ ಅದನ್ನ."

"ಅದು ನನ್ನದಲ್ಲ."

"ಅನುವಾದ ಮಾಡಿದೋರು ನೀವೇ ತಾನೆ? ಮಾತೆಲ್ಲ ನಿಮ್ಮದೇ ಅಲ್ವಾ? ಆ ಪುಸ್ತಕ ಈಗ ಯಾರು ಓದ್ತಾರೆ?"

"ನಾನು ಓದಿದೆನಲ್ಲ."

"ಸಂಜೆ ಫೋನ್ ಮಾಡ್ತೀನಿ. ಅದರ ಜಾಗಕ್ಕೆ ಏನಾದ್ರೂ ಕೊಡಿ. ಕಥೆ ನಿಂತಿರೋದೇ ಅದರ ಮೇಲೆ. ಇಲ್ಲಾಂದ್ರೆ ಈ ವರ್ಷ ಪುಸ್ತಕಾನೇ ಕೈಬಿಡಬೇಕಾಗುತ್ತೆ."

ಅವಳು ಕೋಟು ಹಾಕಿಕೊಳ್ಳುವುದನ್ನೂ ಮರೆತು ಪೇಟೆಗೆ ಓಡಿದಳು. ಅಲ್ಲಿ ಅವಳ ಅಕ್ಕ ಒಡೆಟ್‌ಳ ಅಂಗಡಿ. ಆಕ್ಟೋಪಸ್ ಚೂರು, ಟೊಮೆಟೊ ತುಂಬಿ ಬೇಯಿಸುವ ತಿಯೆಲ್ ಎಂಬ ಹಿಟ್ಟಿನ ಕಡುಬಿಗೆ ಆ ಸಾಲಿನಲ್ಲಿ ಒಡೆಟ್‌ಳದೇ ಹೆಸರು, ಬಾಯಿಗೂ ಅವಳದೇ.

"ಅಕ್ಕಾ, ಅಪ್ಪನ್ನ ತಂದ ದಿನ ಅಮ್ಮ ಏನ್ ಮಾಡಿದ್ಲು?"

"ಬಂದ್ಲಪ್ಪ ಸಾಹಿತಿ! ಬರೆದು ಮುಗಿಸಿದ ಮೇಲೆ ಕೇಳೋಕೆ ಬಂದಿದ್ದೀಯಾ?" ಒಡೆಟ್ ಹಿಟ್ಟಿನ ಕೈಯನ್ನೇ ಸೊಂಟಕ್ಕಿಟ್ಟಳು.

"ನಿನ್ನ ದಮ್ಮಯ್ಯ, ಹೇಳೇ."

"ತಿಂದ್ಲು."

"ಏನು?"

"ತಿಯೆಲ್ ಕಣೇ, ಇನ್ನೇನು? ಪಾದ್ರಿ ಎದುರಿಗೇ ಕೂತು ಇಡೀ ಒಂದು ತಿಂದ್ಲು. ಆಮೇಲೆ ಇನ್ನೊಂದು ಕೊಡಿ ಅಂದ್ಲು. ಊರೆಲ್ಲ ಬಾಯಿಗೆ ಬಂದಂಗೆ ಆಡ್ಕೊಂಡ್ರು. ನಿಂಗಿನ್ನೂ ಐದು ತುಂಬಿರ್ಲಿಲ್ಲ."

"ಇದನ್ನ ಹೇಗೇ ಬರೀಲಿ?"

"ಬರೀಬೇಡ ಬಿಡು. ಚೆನ್ನಾಗಿರೋದೇ ಬೇಕಂದ್ರೆ ನಿನ್ನ ಇಟಲಿಯೋರನ್ನ ಕೇಳು."

ಕಾಲುವೆಯ ಪಕ್ಕ ಮನೆಗೆ ಬರುವಾಗ ಸೊಲಾಂಜ್‌ಗೆ ಅಮ್ಮನ ಮೇಲೆಯೇ ಸಿಟ್ಟು ಬಂತು. ಗಂಡನ ಹೆಣ ಒಳಗಿರುವಾಗ ಹಸಿವಾದರೂ ಹೇಗಾಯಿತು ಈ ಹೆಂಗಸಿಗೆ? ಅವಳಿಗೊಂದು ಮರ್ಯಾದೆ ತರಲೆಂದೇ ತಾನು ವರ್ಷಗಟ್ಟಲೆ ಒದ್ದಾಡಿದ್ದು.

ಮನೆಗೆ ಬಂದು ಅಂಗಿಯ ಭಾಗಕ್ಕೆ ಅಡ್ಡಗೆರೆ ಎಳೆದಳು. ಎಳೆಯುವ ಮುಂಚೆ ಇನ್ನೊಮ್ಮೆ ಓದಿದ್ದಳು, ಅಷ್ಟು ಚೆನ್ನಾಗಿತ್ತು ಅದು. ಅಂಚಿನಲ್ಲಿ ಬರೆದಳು: ಅಮ್ಮ ತಿಂದಳು. ಉಪ್ಪಿಲ್ಲದ ಗಂಜಿಯಂಥ ವಾಕ್ಯ. ಎದ್ದು ಓಡಾಡುತ್ತ ಅದನ್ನೇ ಗಟ್ಟಿಯಾಗಿ ಹೇಳಿಕೊಂಡಳು. ಮತ್ತೆ ಹೇಳಿಕೊಂಡಳು. ಕಿಟಕಿಯ ಹತ್ತಿರ ಕಾಲು ತಾನಾಗಿ ನಿಂತಿತು.

ಟೊಮೆಟೊದ ಕೆಂಪು ಎಣ್ಣೆ ಅಮ್ಮನ ಗದ್ದದವರೆಗೆ ಇಳಿದಿತ್ತು. ಅಕ್ಕ ಇದನ್ನು ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ. ಮೇಜಿನಷ್ಟೆತ್ತರದ ಸೊಲಾಂಜ್ ಅದನ್ನು ಒರೆಸಲು ಎಡಗೈ ಚಾಚಿದ್ದಳು. ಅಮ್ಮ ಆ ಕೈಯನ್ನು ಗಟ್ಟಿಯಾಗಿ, ನೋಯುವಷ್ಟು ಗಟ್ಟಿಯಾಗಿ ಹಿಡಿದುಕೊಂಡು, ಬಿಡದೆ, ಇನ್ನೊಂದು ಕೈಯಲ್ಲಿ ತಿನ್ನುತ್ತಲೇ ಇದ್ದಳು.

ಫೋನು ಬಡಿದುಕೊಳ್ಳತೊಡಗಿತು. ಸೊಲಾಂಜ್ ನಿಂತಲ್ಲೇ ಎಡಗೈಯ ಬೆರಳುಗಳನ್ನು ಮಡಚಿ, ಮೆಲ್ಲನೆ ಬಿಚ್ಚಿ ನೋಡಿಕೊಂಡಳು.