ಸೀರೆ ಸೇರಿದ ಕೌದಿ

1958ನೆಯ ಇಸವಿ, ಮೇ 11, ರವಿವಾರ. ಕೊಣ್ಣೂರಿನ ಅಣ್ಣಪ್ಪನವರ ಪಡಸಾಲೆಯಲ್ಲಿ ಹಾಸಿದ್ದ ಕೌದಿಗೆ ಒಟ್ಟು ನೂರಾ ನಲವತ್ತನಾಲ್ಕು ತುಂಡು ಬಟ್ಟೆ, ಹೊಲಿಯುವವರು ಮೂವರು. ಮನೆಯ ಹಿರಿಯ ಸೊಸೆ ಬಾಳವ್ವ, ಅವಳ ನೆಗೆಣ್ಣಿಯಾದ ಕಿರಿಯ ಸೊಸೆ ಶಿವಗಂಗವ್ವ, ಪಕ್ಕದ ಮನೆಯ ಮುದಕವ್ವ.

ಆ ಕಾಲದ ಬೇಸಿಗೆಯ ಮಧ್ಯಾಹ್ನಗಳು ಹಾಗಿದ್ದವು. ಕೌದಿಯ ಮೇಲೆಯೇ ಕುಳಿತು, ತಲೆ ಬಗ್ಗಿಸಿ, ಅಂಚಿನಿಂದ ನಡುವಿಗೆ ಹೊಲಿಯುತ್ತ ಬರಬೇಕು. ಒಗೆದ ಹಳೆಯ ಧೋತರಗಳಿಂದ ಬಿಸಿಲಿನ ವಾಸನೆ ಏಳುತ್ತಿತ್ತು. ಕಣ್ಣು ಸೂಜಿಯ ಮೇಲಿರುವುದರಿಂದ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮುಖ ನೋಡಿ ಆಡಲಾಗದ ಮಾತುಗಳು ಅಲ್ಲಿ ಹೊರಬೀಳುತ್ತಿದ್ದವು.

ಶಿವಗಂಗವ್ವನಲ್ಲಿ ಅಂಥದೊಂದು ಮಾತಿತ್ತು. ಎರಡು ವರ್ಷ ಒಂಬತ್ತು ತಿಂಗಳ ಹಿಂದೆ ಘಟಪ್ರಭೆಯಲ್ಲಿ ದೋಣಿ ಮಗುಚಿ, ಬಾಳವ್ವನ ಎಂಟು ವರ್ಷದ ಮಗಳು ಸಾತವ್ವ ತೀರಿಕೊಂಡಿದ್ದಳು. ಜೊತೆಗಿದ್ದ ಶಿವಗಂಗವ್ವ ಬದುಕಿ ಬಂದಿದ್ದಳು. ಹೊಳೆಯೇ ಮಗುವನ್ನು ಕೈಯಿಂದ ಕಿತ್ತುಕೊಂಡಿತೆಂದು ಎಲ್ಲರಿಗೂ ಹೇಳಿದ್ದಳು. ಅದು ನಿಜವಲ್ಲ.

"ಅಕ್ಕಾ," ಎಂದಳು, ಸೂಜಿ ನಿಲ್ಲಿಸದೆ. "ಹೊಳಿ ಕಸಗೊಳ್ಳಲಿಲ್ಲ. ದೋಣಿ ಅಂಚು ಹಿಡಿಯಾಕ ನಾನ ಸಾತಿ ಕೈ ಬಿಟ್ನಿ."

ಬಾಳವ್ವನ ಸೂಜಿ ನಿಂತಿತು. ಶಿವಗಂಗವ್ವ ಎದ್ದು ಓಡಹೊರಟಳು. ಕೌದಿಯೂ ಅವಳೊಂದಿಗೆ ಎದ್ದಿತು. ಮಾತು ಕೂಡಿಸಿಕೊಳ್ಳುವ ಚಿಂತೆಯಲ್ಲಿ ಉಟ್ಟ ಸೀರೆಯನ್ನೂ ಸೇರಿಸಿ ಹೊಲಿದುಬಿಟ್ಟಿದ್ದಳು.

"ಅಯ್ಯ ನಮ್ಮವ್ವಾ! ಕೌದಿ ಕಟಗೊಂಡು ಎಲ್ಲಿಗಿ ಹೊಂಟಿ? ತವರಮನಿಗೇನ?" ಎಂದ ಮುದಕವ್ವ, ಯಾರೂ ನಗದಿದ್ದುದನ್ನು ಕಂಡು ನೀರು ಕುಡಿಯುವ ನೆವದಿಂದ ಹೊರನಡೆದಳು.

"ಕುಂಡ್ರು," ಎಂದಳು ಬಾಳವ್ವ. "ಸೀರಿ ಹರದೀತು."

ಒಂದೊಂದೇ ಹೊಲಿಗೆ ಬಿಚ್ಚತೊಡಗಿದಳು. ಐದನೆಯದಕ್ಕೆ ಸೂಜಿ ಶಿವಗಂಗವ್ವನ ತೊಡೆಗೆ ಚುಚ್ಚಿತು. ಅದು ಕೈತಪ್ಪೋ ಸಿಟ್ಟೋ, ಶಿವಗಂಗವ್ವ ಕೇಳಲಿಲ್ಲ.

"ನನಗ ಸಿಟ್ಟು ಐತಿ. ಇಲ್ಲ ಅನ್ನೂದಿಲ್ಲ," ಎಂದಳು ಬಾಳವ್ವ. ಇನ್ನೆರಡು ಹೊಲಿಗೆ ಬಿಚ್ಚಿದಳು. "ಕಡೀಕ ಅಕಿ ಏನಂದ್ಲು?"

"ನೀರಾಗ ಕೈ ಆಡಿಸಿ ಹೊಸಾ ಪೋಲ್ಕಾ ತೋಯಿಸಿಕೊಂಡಿದ್ಲು. 'ಚಿಗವ್ವಾ, ಅವ್ವನ ಮುಂದ ಹೇಳಬ್ಯಾಡ' ಅಂದ್ಲು. ನಗಾಕತ್ತಿದ್ಲು, ಅಕ್ಕಾ."

ಬಾಳವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ಇನ್ನೊಮ್ಮಿ ಹೇಳು."

ಶಿವಗಂಗವ್ವ ಹೇಳಿದಳು. ಮಗುವಿನ ಕೊನೆಯ ಮಾತು ತಾಯಿಗೆ ಸಂದಿತು. ಕ್ಷಮೆಯನ್ನು ಒಬ್ಬಳು ಕೇಳಲಿಲ್ಲ, ಇನ್ನೊಬ್ಬಳು ಕೊಡಲಿಲ್ಲ. ಅದು ಬಾಕಿ ಉಳಿಯಿತು.